ಚೀಲವಿಲ್ಲದೆ ಹೋದ ಮನೆ

ಆ ಮನೆಗೆ ಮೊದಲ ಸಲ ಹೋದಾಗ ನನ್ನ ಹೆಗಲ ಮೇಲೆ 25 ಕಿಲೋ ಕುಚ್ಚಲಕ್ಕಿ ಇತ್ತು. ಮಂಗಳೂರಿನ ಹೊರವಲಯದ ಗುಡ್ಡೆಯ ಮೇಲೆ ಹತ್ತಿಪ್ಪತ್ತು ಹೆಂಚಿನ ಮನೆಗಳು. "ಚರ್ಚಿನ ವಿನ್ಸೆಂಟ್ ದಿ ಪಾವ್ಲ್ ಸಭೆಯಿಂದ ಬಂದಿದ್ದೇನೆ" ಎಂದು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ. ಬಡವರ ಮನೆಗೆ ಹೋಗಿ ನೆರವಾಗುವ ಕ್ಯಾಥೊಲಿಕ್ ಸಂಘ ಅದು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು. ಆ ಮನೆಯ ತಾಯಿ ಚೀಲ ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ. ಮುಂದಿನ ಭಾನುವಾರ ಹೋದರೆ ಬಾಗಿಲು ಮುಚ್ಚಿತ್ತು. ಒಳಗೆ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ನಾನು ಕರೆದ ಕೂಡಲೇ ಅದೂ ನಿಂತಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಭೆಯಲ್ಲಿ ಹೇಳಿದಾಗ ನಮ್ಮ ಹಿರಿಯ ಸದಸ್ಯರೊಬ್ಬರು, "ಇನ್ನೊಮ್ಮೆ ಚೀಲವಿಲ್ಲದೆ ಹೋಗೋಣ, ನಾನೂ ಬರುತ್ತೇನೆ" ಎಂದರು. ಇಬ್ಬರಾಗಿಯೇ ಹೋಗಬೇಕೆಂಬುದು ನಮ್ಮಲ್ಲಿ ಹಳೆಯ ಕ್ರಮ; ಅದನ್ನು ಮುರಿದವನು ನಾನೇ. 1833ರಲ್ಲಿ ಪ್ಯಾರಿಸಿನಲ್ಲಿ ಈ ಸಭೆಯನ್ನು ಕಟ್ಟಿದ ಫ್ರೆಡೆರಿಕ್ ಓಝಾನಮ್ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಬಡವರ ಮನೆಗೆ ಹೇಗೆ ಹೋಗಬೇಕೆಂಬುದನ್ನು ಅವನೂ ಗೆಳೆಯರೂ ಕಲಿತದ್ದು ಅಲ್ಲಿನ ಬಡ ಕೇರಿಯಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರಿಂದ. ಅಂಥವನಿಗೇ ಕಲಿಸುವವರು ಬೇಕಾಗಿದ್ದರು ಎಂಬುದು ನನಗೆ ಧೈರ್ಯ ಕೊಟ್ಟಿತು.

ಸಂಜೆ ಹೋದೆವು. ಹಿರಿಯರು ತುಳುವಿನಲ್ಲಿ ಕುಡಿಯಲು ನೀರು ಕೇಳಿದರು. ನೀರಿನ ಜೊತೆ ಬೆಲ್ಲವೂ ಬಂತು. ಆಮೇಲೆ ಅರ್ಧ ಗಂಟೆ ಮಳೆ, ಮಗಳ ಶಾಲೆ, ಸುತ್ತಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ತಿರಸ್ಕರಿಸಿ ಹಿಂದಿರುಗಿಸಿದ ಬೀಡಿಗಳ ಮಾತು. ಏನು ಬೇಕು ಎಂದು ನಾವು ಕೇಳಲೇ ಇಲ್ಲ. ಹೊರಡುವ ಹೊತ್ತಿಗೆ ಆಕೆ ಮಡಿಲ ಮೊರವನ್ನು ಪಕ್ಕಕ್ಕಿಟ್ಟು ಎರಡೂ ಹೆಬ್ಬೆರಳು ತೋರಿಸಿದರು. ಇಪ್ಪತ್ತು ವರ್ಷ ಎಲೆ ಸುರುಟಿ ಗೆರೆಗಳೇ ಸವೆದುಹೋಗಿದ್ದವು. ಪಡಿತರ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಅಕ್ಕಿ ಬಂದಿರಲಿಲ್ಲ. ಸರ್ಕಾರ ಅವರ ಹಕ್ಕಾಗಿ ಕೊಡುವುದನ್ನೇ ನಾನು ಎಲ್ಲರೆದುರು ದಾನವೆಂದು ಹೊತ್ತು ತಂದಿದ್ದೆ.

ಕಾರ್ಡಿನಲ್ಲಿ ಮಗಳ ಹೆಸರೂ ಇತ್ತು, ಆದರೆ ಇ-ಕೆವೈಸಿ, ಅಂದರೆ ಬೆರಳಚ್ಚಿನ ದೃಢೀಕರಣ, ಆಗಿರಲಿಲ್ಲ. ಅದಕ್ಕೆ ಎರಡು ಬೆಳಗು ಹಿಡಿಯಿತು. ತಾಯಿಗೆ ಅರ್ಧ ದಿನದ ಬೀಡಿಯೂ ನಷ್ಟವಾಗಬಾರದೆಂದು ಮಗಳನ್ನು ಕರೆದುಕೊಂಡು ಹೋದವರು ನಮ್ಮ ಸಭೆಯ ಒಬ್ಬ ಮಹಿಳೆ. ಆ ತಿಂಗಳು ಹುಡುಗಿ ಬೆರಳು ಒತ್ತಿದಳು, ಅಕ್ಕಿ ಬಂತು. ನಾವು ಖರ್ಚು ಮಾಡಿದ್ದು ಬಸ್ಸಿನ ಹಣ ಮಾತ್ರ.

ಈಗ ನಾನು ಮೊದಲ ಭೇಟಿಗೆ ಏನನ್ನೂ ಒಯ್ಯುವುದಿಲ್ಲ. ಕೊಟ್ಟದ್ದನ್ನು ಕುಡಿಯುತ್ತೇನೆ, ಬೇಡವೆನ್ನುವುದಿಲ್ಲ. ಅಲ್ಲಿ ಏನನ್ನೂ ಬರೆದುಕೊಳ್ಳುವುದಿಲ್ಲ. ರಸ್ತೆಗೆ ಬಂದ ಮೇಲೆ ಬರೆಯುತ್ತೇನೆ. ನಮ್ಮ ಘಟಕದ ವರದಿ ಪುಸ್ತಕದಲ್ಲಿ ಮನೆಗಳಿಗೆ ಸಂಖ್ಯೆಯಷ್ಟೇ ಇದೆ, ಹೆಸರಿಲ್ಲ. ಫೋಟೊ ತೆಗೆಯುವುದೇ ಇಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ದಾನಿಗಳಿಗೆ ತೋರಿಸಬೇಕೆಂಬ ಒತ್ತಾಯ ಬಂದಾಗ ಲೆಕ್ಕದ ಪುಸ್ತಕ ತೋರಿಸುತ್ತೇನೆ. ಸಭೆಯ ಕೊನೆಗೆ ಗುಪ್ತ ಕಾಣಿಕೆಯ ಚೀಲ ಸುತ್ತಿಬರುತ್ತದೆ. ಎಲ್ಲರೂ ಮುಷ್ಟಿ ಕಟ್ಟಿಯೇ ಕೈ ಒಳಗೆ ಹಾಕಬೇಕು. ಯಾರು ಐನೂರು ಹಾಕಿದರು, ಯಾರ ಕೈ ಖಾಲಿಯಿತ್ತು ಎಂದು ತಿಳಿಯಬಾರದು. ಕೊಡುವವರ ಗುಟ್ಟನ್ನು ಇಷ್ಟು ಕಾಯುವ ನಾವು ಪಡೆಯುವವರ ಗುಟ್ಟನ್ನು ಅದಕ್ಕಿಂತ ಹೆಚ್ಚು ಕಾಯಬೇಡವೇ?

ಈ ಮೇ ತಿಂಗಳಲ್ಲಿ ಅದೇ ಮನೆಯ ಮಾಡಿನ ಮರದ ಪಕ್ಕಾಸು, ರೀಪು ಬದಲಿಸಿ ಹೆಂಚು ಹೊದಿಸಬೇಕು. ಆ ತಾಯಿ ತಾವಾಗಿಯೇ ಕೇಳಿದರು. ಮಳೆ ಹಿಡಿಯುವ ಮೊದಲು ಮೂರು ಭಾನುವಾರಗಳಿವೆ, ಏಣಿ ಕೊಡುತ್ತೇನೆಂದು ಪಕ್ಕದ ಮನೆಯವರು ಹೇಳಿದ್ದಾರೆ.