ಐದು ಗ್ರಾಂ ಎಸೆಯುವ ಕಾಸ್ಟಿಂಗ್ ರಾಡ್: ಅಳಿವೆ ನೀರಿಗೆ ಆರಿಸುವುದು ಹೇಗೆ

ಕಾಂಡ್ಲದ (ಮ್ಯಾಂಗ್ರೋವ್) ಬೇರುಗಳ ನಡುವೆ ಮೊರದಗಲದ ಸಂದಿ. ಅದರೊಳಗೆ ಮೂರಿಂಚಿನ ರಬ್ಬರ್ ಮೀನು ಸದ್ದಿಲ್ಲದೆ ಬೀಳಬೇಕು, ಒಂದು ಗೇಣು ಆಚೆ ಹೋದರೆ ಕೊಂಬೆಗೆ ಸಿಕ್ಕಿ ಹೋಯಿತು. ಮೀನು ಹಿಡಿಯುವವರಿಗೆ ಹಗುರ ಕಾಸ್ಟಿಂಗ್ ರಾಡ್ ಬೇಕಾಗುವುದು ಇಂಥ ಕೆಲಸಕ್ಕೆ. ಕಾಸ್ಟಿಂಗ್ ರೀಲಿನಲ್ಲಿ ದಾರ ಸುತ್ತಿದ, ತಿರುಗುವ ಸ್ಪೂಲ್ ಮೇಲೆ ಹೆಬ್ಬೆರಳು ಇರುತ್ತದೆ. ಒತ್ತಿದ ಕ್ಷಣ ಲೂರ್ (ನಕಲಿ ಮೀನು) ನಿಲ್ಲುತ್ತದೆ, ನೀರಿಗೆ ಮೆಲ್ಲಗೆ ಇಳಿಯುತ್ತದೆ. ಎಸೆಯುವಾಗ ಸ್ಪೂಲ್ ತಿರುಗದ ಸ್ಪಿನ್ನಿಂಗ್ ರೀಲಿನಲ್ಲೂ ಇದು ಸಾಧ್ಯ, ಆದರೆ ಇಷ್ಟು ಸಲೀಸಲ್ಲ.

ಈ ಬಗೆಯ ರಾಡ್ ಬೆಳೆದದ್ದು ಜಪಾನಿನಲ್ಲಿ. ಅಲ್ಲಿಯ ಕೆರೆಗಳಲ್ಲಿ ದಿನವೂ ಗಾಳ ಕಂಡು ಹುಷಾರಾದ ಲಾರ್ಜ್‌ಮೌತ್ ಬಾಸ್‌ಗೆ ಸಣ್ಣ ಲೂರ್ ಹಾಕಲು ಮಾಡಿದ್ದು. ಬೈಟ್ ಫಿನೆಸ್ ಸಿಸ್ಟಮ್, ಅಂದರೆ ಬಿಎಫ್‌ಎಸ್ ಎಂದು ಮಾರುತ್ತಾರೆ. ನಮ್ಮ ಹೊಳೆಗಳಲ್ಲಿ ಆ ಬಾಸ್ ಇಲ್ಲ. ಇಲ್ಲಿರುವುದು ಬರಮುಂಡಿ, ಕೆಂಬೇರಿ, ಮುರು, ಕೊಕ್ಕರ್. ಕಚ್ಚಿದ ಕೂಡಲೇ ಬೇರಿನತ್ತ, ಕಲ್ಲಿನತ್ತ ಓಡುವ ಜಾತಿ. ಬೇರಿಗೆ ಅಂಟಿಕೊಂಡ ಚಿಪ್ಪು ಬ್ಲೇಡಿನಷ್ಟೇ ಹರಿತ. ಹಾಗಾಗಿ ಕೆರೆಗೆಂದು ಮಾಡಿದ ರಾಡಿನ ತುದಿಯ ಗುಣ ನಮಗೆ ಬೇಕು, ಬುಡದ ಗುಣ ಸಾಲದು. ತುದಿ ಹಗುರ, ಬುಡ ಗಟ್ಟಿ ಎಂಬುದನ್ನು ಹಿಡಿದುಕೊಂಡೇ ಮುಂದಿನ ಆಯ್ಕೆಗಳನ್ನೆಲ್ಲ ಮಾಡಬೇಕು.

ಮೊದಲು ತಕ್ಕಡಿ, ಆಮೇಲೆ ಅಂಗಡಿ

ರಾಡ್ ನೋಡುವ ಮೊದಲು ನಿಮ್ಮ ಡಬ್ಬದಲ್ಲಿರುವ ಲೂರ್‌ಗಳನ್ನು ತೂಗಿ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಹೆಚ್ಚಿನವರು ತಪ್ಪುವುದು ಇಲ್ಲೇ. 3.5 ಗ್ರಾಂ ಜಿಗ್‌ಹೆಡ್ (ತಲೆಯಲ್ಲಿ ತೂಕವಿರುವ ಕೊಕ್ಕೆ) ಎಂದರೆ ಅದು ಬರೀ ತಲೆಯ ತೂಕ. ಅದಕ್ಕೆ ಮೂರಿಂಚಿನ ಬಾಲದ ರಬ್ಬರ್ ಸೇರಿಸಿದರೆ ಇನ್ನೂ 3ರಿಂದ 4 ಗ್ರಾಂ ಬರುತ್ತದೆ, ಒಟ್ಟು 7 ಗ್ರಾಂ ಹತ್ತಿರ. ‘ಮೂರೂವರೆ ಗ್ರಾಂ ಎಸೆಯುವ ರಾಡ್ ಕೊಡಿ’ ಎಂದು ಕೇಳಿ ಅತಿ ಮೆದು ರಾಡ್ ತಂದು, ಎಸೆಯುವಾಗ ತುದಿ ಜೋತು ಬೀಳುತ್ತದೆ ಎಂದು ಗೊಣಗುವುದು ಈ ಲೆಕ್ಕ ತಪ್ಪಿದ್ದರಿಂದ. 55ರಿಂದ 65 ಮಿಮೀ ಮಿನ್ನೋಗಳು (ಸಣ್ಣ ಮೀನಿನಾಕಾರದ ಗಟ್ಟಿ ಲೂರ್) ಸಾಮಾನ್ಯವಾಗಿ 4ರಿಂದ 7 ಗ್ರಾಂ ತೂಗುತ್ತವೆ. ಪಟ್ಟಿ ಮಾಡಿದ ಮೇಲೆ ನೀವು ಅತಿ ಹೆಚ್ಚು ಬಳಸುವ ಮೂರು ಲೂರ್‌ಗಳಿಗೆ ಗುರುತು ಹಾಕಿ. ಕೊಳ್ಳುವ ರಾಡ್ ಆ ಮೂರಕ್ಕೆ ಹೊಂದಬೇಕು. ಉಳಿದವುಗಳ ಚಿಂತೆ ಬೇಡ.

ರಾಡಿನ ಮೇಲೆ ಔನ್ಸ್‌ನಲ್ಲಿ ಬರೆದಿದ್ದರೆ: 1/8 ಔನ್ಸ್ ಅಂದರೆ 3.5 ಗ್ರಾಂ, 1/4 ಅಂದರೆ 7, 3/8 ಅಂದರೆ 10.6, 1/2 ಅಂದರೆ 14. ‘3–10 ಗ್ರಾಂ’ ಎಂದು ಬರೆದ ರಾಡ್ 3 ಗ್ರಾಂ ಎಸೆದೀತು, ಆದರೆ ಎಸೆಯುವವರಿಗೆ ಖುಷಿ ಇರುವುದಿಲ್ಲ. ಅದು ಚೆನ್ನಾಗಿ ಕೆಲಸ ಮಾಡುವುದು ನಡುವಿನಿಂದ ಸ್ವಲ್ಪ ಮೇಲೆ, 6ರಿಂದ 8 ಗ್ರಾಂನಲ್ಲಿ. ನಿಮ್ಮ ಮೂರು ಲೂರ್‌ಗಳು ಅಲ್ಲಿ ಬೀಳುವಂತೆ ಆರಿಸಿ.

ಎಲ್ (ಲೈಟ್), ಎಂಎಲ್ (ಮೀಡಿಯಂ ಲೈಟ್), ಎಂ (ಮೀಡಿಯಂ) ಎಂಬ ಅಕ್ಷರಗಳನ್ನು ಪೂರ್ತಿ ನಂಬಬೇಡಿ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಎಲ್ ಇನ್ನೊಂದರ ಎಂಎಲ್‌ಗಿಂತ ಗಟ್ಟಿ ಇರಬಹುದು. ಗ್ರಾಂ ನೋಡಿ. ಅಕ್ಷರವೇ ಬೇಕೆಂದಾದರೆ ಅಳಿವೆಗೆ ಎಂಎಲ್‌ನಿಂದ ಶುರು ಮಾಡುವುದು ಸರಿ. ಅಲ್ಟ್ರಾಲೈಟ್ ಕಾಸ್ಟಿಂಗ್ ರಾಡ್ ಕೈಯಲ್ಲಿ ಹಿಡಿದಾಗ ಆಸೆ ಹುಟ್ಟಿಸುತ್ತದೆ. ಎರಡು ಕಿಲೋ ಬರಮುಂಡಿ ಬೇರಿನ ಕಡೆ ತಿರುಗಿದಾಗ ಅದರಿಂದ ಏನೂ ಮಾಡಲಾಗದು.

ಬಾಗುವ ಬಗೆ

ಅಂಗಡಿಯಲ್ಲಿ ‘ಎಕ್ಸ್‌ಟ್ರಾ ಫಾಸ್ಟ್, ತುಂಬಾ ಸೆನ್ಸಿಟಿವ್’ ಎಂದು ಹೊಗಳುವ ರಾಡ್ ಹಗುರ ಲೂರ್‌ಗೆ ಸರಿಹೋಗುವುದು ಅಪರೂಪ. ಕಾರಣ ಸರಳ. ಎಕ್ಸ್‌ಟ್ರಾ ಫಾಸ್ಟ್ ರಾಡಿನಲ್ಲಿ ಬಾಗುವುದು ತುದಿಯ ಒಂದಡಿ ಮಾತ್ರ. 5 ಗ್ರಾಂ ತೂಕಕ್ಕೆ ಉಳಿದ ಭಾಗ ಬಗ್ಗುವುದೇ ಇಲ್ಲ. ರಾಡ್ ಮಾಡಬೇಕಾದ ಕೆಲಸವನ್ನು ಮಣಿಕಟ್ಟು ಮಾಡಲು ಹೋಗುತ್ತದೆ, ಎಸೆತ ಜರ್ಕ್ ಆಗುತ್ತದೆ, ಸ್ಪೂಲ್ ಒಮ್ಮೆಲೇ ತಿರುಗುತ್ತದೆ. ಲೂರ್ ಎಳೆಯುವುದಕ್ಕಿಂತ ಸ್ಪೂಲ್ ಬಿಡುವುದು ಜೋರಾದರೆ ದಾರ ಒಳಗೇ ಗೂಡು ಕಟ್ಟುತ್ತದೆ. ಬ್ಯಾಕ್‌ಲ್ಯಾಶ್ ಎನ್ನುವುದು ಇದನ್ನೇ. ರೆಗ್ಯುಲರ್ ಫಾಸ್ಟ್ ಅಥವಾ ಮಾಡರೇಟ್ ಫಾಸ್ಟ್ ಎಂದು ಬರೆದ ರಾಡ್ ಮೇಲಿನ ಮೂರನೇ ಒಂದು ಭಾಗದವರೆಗೂ ಬಾಗಿ, ನಿಧಾನಕ್ಕೆ ಬಿಡುತ್ತದೆ. ಮಣಿಕಟ್ಟು ತುಸು ತಿರುಗಿಸಿದರೆ ಸಾಕು.

ಪರೀಕ್ಷೆ ಮಾಡುವಾಗ ತುದಿಯನ್ನು ಬೆರಳಲ್ಲಿ ಹಿಡಿದು ಬಗ್ಗಿಸಬೇಡಿ. ಹೀಗೆ ಮುರಿದ ತುದಿಗೆ ಯಾವ ಅಂಗಡಿಯೂ ವಾರಂಟಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ರೀಲ್ ಕೂರಿಸಿ, ರಾಡಿನುದ್ದಕ್ಕೂ ಇರುವ ಉಂಗುರಗಳು, ಅಂದರೆ ಗೈಡ್‌ಗಳು, ಎಲ್ಲದರೊಳಗೆ ಲೈನ್ (ದಾರ) ಹಾಯಿಸಿ, ಅರ್ಧ ಲೀಟರ್ ನೀರಿನ ಬಾಟಲಿಗೆ ಕಟ್ಟಿ. ಮೊದಲು ಅರ್ಧ ನೀರು, ಅಂದರೆ ಸುಮಾರು 250 ಗ್ರಾಂ. ಹಿಡಿಯನ್ನು 45 ಡಿಗ್ರಿಗಿಂತ ಮೇಲೆತ್ತದೆ ಮೆಲ್ಲಗೆ ನೆಲದಿಂದ ಬಿಡಿಸಿ. ತುದಿಯ ಭಾಗ ಮಾತ್ರ ಬಾಗಿರಬೇಕು. ಬಾಟಲಿ ತುಂಬಿಸಿ ಮತ್ತೆ ಎತ್ತಿದರೆ ಬಾಗು ನಡುವಿನವರೆಗೆ ಇಳಿದು, ಹಿಡಿಯ ಮೇಲಿನ ಭಾಗ ನೆಟ್ಟಗೆ ನಿಲ್ಲಬೇಕು. ಅಲ್ಲೂ ಬಾಗಿದರೆ ಆ ರಾಡ್ ಕೆರೆಗೆ ಸರಿ, ಕಾಂಡ್ಲಕ್ಕೆ ಅಲ್ಲ. ಬಾಗು ಒಂದೇ ಕಮಾನಿನಂತಿರಬೇಕು. ನಡುವೆಲ್ಲೋ ಚಪ್ಪಟೆಯಾಗಿದ್ದರೆ ಜೋಡಣೆಯ ಜಾಗ ಅತಿ ಗಟ್ಟಿ ಇದೆ ಎಂದರ್ಥ.

ಅದೇ ಹೊತ್ತಿಗೆ ಇನ್ನೊಂದು ನೋಡಿ. ಕಾಸ್ಟಿಂಗ್ ರಾಡಿನಲ್ಲಿ ಗೈಡ್‌ಗಳು ಮೇಲ್ಗಡೆ ಇರುತ್ತವೆ. ಬಾಗಿದಾಗ ಲೈನ್ ರಾಡಿನ ಮೈಗೆ ಉಜ್ಜುತ್ತಿದೆಯೇ? ಉಜ್ಜಿದರೆ ಗೈಡ್ ಕಡಿಮೆ ಹಾಕಿದ್ದಾರೆ. ಅಡಿಗೊಂದು, ಮೇಲೆ ಇನ್ನೊಂದು ಎಂಬುದು ಹಳೆಯ ಲೆಕ್ಕ. ಏಳಡಿಗೆ ತುದಿಯದ್ದು ಬಿಟ್ಟು ಎಂಟು.

ಗೈಡ್ ಮತ್ತು ಉಪ್ಪು

ಗೈಡಿನ ಒಳಗಿನ ಉಂಗುರಕ್ಕೆ ಹೆಸರು ಹಲವು. ಸಿಲಿಕಾನ್ ಕಾರ್ಬೈಡ್, ಆಲ್ಕೊನೈಟ್, ಅಲ್ಯುಮಿನಿಯಂ ಆಕ್ಸೈಡ್, ಈ ಮೂರೂ ಹೆಣೆದ ಲೈನಿಗೆ ತಡೆಯುತ್ತವೆ. ನಮ್ಮಲ್ಲಿ ಹಾಳಾಗುವುದು ಉಂಗುರ ಅಲ್ಲ, ಅದನ್ನು ಹಿಡಿದಿರುವ ಚೌಕಟ್ಟು. ಸಾಧಾರಣ ಸ್ಟೀಲ್ ಆದರೆ ಒಂದು ಮಳೆಗಾಲ ಕಳೆಯುವುದರಲ್ಲಿ ಕಾಲಿನ ಹತ್ತಿರ, ಎಪಾಕ್ಸಿಯ ಅಂಚಿನಲ್ಲಿ ಕಂದು ಗೆರೆ ಕಾಣಿಸುತ್ತದೆ. ಟೈಟಾನಿಯಂ ತುಕ್ಕು ಹಿಡಿಯದು, ಬೆಲೆ ಜಾಸ್ತಿ. ಒಳ್ಳೆ ಸ್ಟೀಲ್ ಚೌಕಟ್ಟು ತಗೊಂಡು ಪ್ರತಿ ಸಲ ತೊಳೆದರೂ ನಡೆಯುತ್ತದೆ.

ಕೊಳ್ಳುವಾಗ ಜೇಬಿನಲ್ಲಿ ನಾಲ್ಕು ಇಯರ್‌ಬಡ್ ಇರಲಿ. ಹತ್ತಿಯ ತುದಿಯನ್ನು ಪ್ರತಿ ಉಂಗುರದ ಒಳಗೆ ಒಂದು ಸುತ್ತು ಆಡಿಸಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಕೂದಲೆಳೆಯ ಬಿರುಕು ಇದೆ. ಕಣ್ಣಿಗೆ ಕಾಣದು, ಆದರೆ ಲೈನ್ ಕತ್ತರಿಸುವುದು ಅದೇ. ಆಮೇಲೆ ಬುಡದಿಂದ ತುದಿಯ ಕಡೆ ಒಂದು ಕಣ್ಣು ಮುಚ್ಚಿ ನೋಡಿ, ಗೈಡ್‌ಗಳು ಒಂದೇ ಸಾಲಿನಲ್ಲಿರಬೇಕು.

ಮೈಕ್ರೋ ಗೈಡ್, ಅಂದರೆ ಅತಿ ಸಣ್ಣ ಗೈಡ್ ಇರುವ ರಾಡಿಗೆ ಲೀಡರ್ (ಲೈನಿನ ತುದಿಗೆ ಕಟ್ಟುವ ದಪ್ಪ ದಾರ) ಗಂಟು ತೊಡಕು. ದಪ್ಪ ಗಂಟು ಪ್ರತಿ ಗೈಡಿಗೂ ಬಡಿದು ದೂರ ಕಡಿಮೆ ಮಾಡುತ್ತದೆ. ತೆಳುವಾಗಿ ಕೂರುವ ಎಫ್‌ಜಿ ಗಂಟು ಕಲಿಯಿರಿ, ಇಲ್ಲವೇ ಲೀಡರ್ ಅರ್ಧ ಮೀಟರಿಗೆ ನಿಲ್ಲಿಸಿ, ಎಸೆಯುವಾಗ ಗಂಟು ತುದಿಯಿಂದ ಹೊರಗಿರಲಿ.

ರೀಲ್ ಸರಿಯಿಲ್ಲದಿದ್ದರೆ ರಾಡಿಗೆ ಬೈದು ಫಲವಿಲ್ಲ

ಹಗುರ ಕಾಸ್ಟಿಂಗ್ ಸೋಲುವುದು ಬಹುಪಾಲು ಸ್ಪೂಲಿನಿಂದ. ಸಾಮಾನ್ಯ ಬೈಟ್‌ಕಾಸ್ಟರ್ (ಕಾಸ್ಟಿಂಗ್ ರೀಲ್) ಸ್ಪೂಲ್, ಮೇಲೆ ನೂರು ಮೀಟರ್ ದಪ್ಪ ತಂಗೂಸಿ (ನೈಲಾನ್ ದಾರ). ಇದನ್ನೆಲ್ಲ ತಿರುಗಿಸಲು 5 ಗ್ರಾಂ ಲೂರಿಗೆ ಶಕ್ತಿ ಸಾಲುವುದಿಲ್ಲ. ಆಳ ಕಡಿಮೆ ಇರುವ, ಹಗುರ ಸ್ಪೂಲಿನ ರೀಲ್ ಬೇಕು. ಹೆಣೆದ ಲೈನ್ ಪಿಇ 0.8 ಅಥವಾ 1 (ಪಿಇ ಅಂಕಿ ದಪ್ಪದ ಅಳತೆ), ಅದೂ 75 ಮೀಟರ್ ಸಾಕು. ತುಂಬಿಸಿದಷ್ಟೂ ಸ್ಪೂಲ್ ಭಾರ. 0.6ಕ್ಕಿಂತ ತೆಳು ಹಾಕಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳೊಳಗೆ ಹೂತು, ಮುಂದಿನ ಎಸೆತ ಅರ್ಧದಲ್ಲೇ ನಿಲ್ಲುತ್ತದೆ. ದುಡ್ಡು ಸೀಮಿತವಾಗಿದ್ದರೆ ರಾಡಿಗಿಂತ ರೀಲಿಗೆ ಹೆಚ್ಚು ಹಾಕಿ.

ರಾಡಿನ ಮೇಲೆ ‘6–12 ಪೌಂಡ್’ ಎಂದಿರುವುದು ತಂಗೂಸಿಯ ಲೆಕ್ಕ. ಪಿಇ 0.8 ಲೈನೇ ಸುಮಾರು 6–7 ಕಿಲೋ ತಡೆಯುತ್ತದೆ, ಹಿಗ್ಗುವುದಿಲ್ಲ. ಮೀನು ಎಳೆದಾಗ ಲೈನ್ ಜಾರಲು ಬಿಡುವ ಡ್ರ್ಯಾಗ್ ಪೂರ್ತಿ ಬಿಗಿದರೆ ಮುರಿಯುವುದು ರಾಡ್. ಲಗೇಜ್ ತೂಗುವ ತಕ್ಕಡಿಗೆ ಲೈನ್ ಕಟ್ಟಿ, ಒಂದೂವರೆ ಕಿಲೋಗೆ ಡ್ರ್ಯಾಗ್ ಜಾರುವಂತೆ ಇಡಿ. ಬೇರಿನ ಹತ್ತಿರ ಇನ್ನೂ ತಡೆಯಬೇಕಾದರೆ ಹೆಬ್ಬೆರಳು ಇದೆ. ಲೀಡರ್ 20 ಪೌಂಡ್ ಫ್ಲೂರೋಕಾರ್ಬನ್ ಇರಲಿ. ಬರಮುಂಡಿಯ ಕಿವಿರು ಮುಚ್ಚಳದ ಅಂಚು ಹರಿತ, ತೆಳು ಲೀಡರ್ ಉಳಿಯದು.

ರೀಲ್ ಕೂರಿಸಿದ ಮೇಲೆ ರಾಡನ್ನು ಒಂದು ಬೆರಳ ಮೇಲೆ ತೂಗಿ ನೋಡಿ. ರೀಲಿನ ಮುಂದೆ ಎರಡು ಮೂರು ಸೆಂಟಿಮೀಟರ್ ಒಳಗೆ ಸಮತೋಲ ಬಂದರೆ ಬೆಳಗಿನಿಂದ ಹನ್ನೊಂದರವರೆಗೆ ಎಸೆದರೂ ಕೈ ನೋಯದು.

ಉದ್ದ, ಎಲ್ಲಿಗೆ ಎಷ್ಟು

ಉಡುಪಿಯ ಸೀತಾ, ಸ್ವರ್ಣಾ ನದಿಗಳಲ್ಲಿ ದೋಣಿಯಿಂದ ಅಥವಾ ಕಯಾಕ್‌ನಿಂದ ಕೊಂಬೆಯಡಿಗೆ ಎಸೆಯುವವರಿಗೆ ಆರಡಿಯಿಂದ ಆರೂವರೆ (183–198 ಸೆಂಮೀ), ಹಿಡಿಯ ಹಿಂಭಾಗ ಗಿಡ್ಡ, ಸುಮಾರು 20 ಸೆಂಮೀ. ಉದ್ದ ಹಿಡಿ ಕುಳಿತಾಗ ಹೊಟ್ಟೆಗೆ ತಾಗುತ್ತದೆ. ಕೋಡಿಬೆಂಗ್ರೆ, ಸಸಿಹಿತ್ಲು ಅಥವಾ ಬೆಂಗ್ರೆಯ ಅಳಿವೆ ಬಾಗಿಲಿನ ಕಡೆ ಕಲ್ಲಿನ ಮೇಲೆ ನಿಂತು ಎಸೆಯುವುದಾದರೆ ಏಳಡಿ (213 ಸೆಂಮೀ), ಹಿಡಿ 25 ಸೆಂಮೀ ದಾಟಿರಲಿ, ಎರಡೂ ಕೈ ಹಾಕಬಹುದು. ಎರಡಕ್ಕೂ ಒಂದೇ ಬೇಕೆನ್ನುವವರಿಗೆ ಆರಡಿ ಎಂಟಿಂಚು.

ಕಲ್ಲಿನ ಮೇಲೆ ನಿಲ್ಲುವವರು ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಿಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಪಡುಗಾಳಿಗೆ ಎದುರಾಗಿ 5 ಗ್ರಾಂ ಎಸೆಯುವುದು ಯಾವ ಕಾಸ್ಟಿಂಗ್ ರಾಡಿಗೂ ಕಷ್ಟ. ಲೂರ್ ಗಾಳಿಯಲ್ಲಿ ನಿಧಾನವಾದರೂ ಸ್ಪೂಲ್ ತಿರುಗುತ್ತಲೇ ಇರುತ್ತದೆ. ಸಂಜೆಯೇ ಹೋಗುವವರಾದರೆ, ಅಥವಾ ಒಟ್ಟು ತೂಕ 3 ಗ್ರಾಂಗಿಂತ ಕೆಳಗೆ ಬಳಸುವವರಾದರೆ ಸ್ಪಿನ್ನಿಂಗ್ ಸೆಟ್ ತಗೊಳ್ಳಿ, ಹಣ ಉಳಿಯುತ್ತದೆ.

ಒಂದೇ ತುಂಡಿನ ರಾಡ್ ಕೈಗೆ ಚೆನ್ನ, ಸಿಟಿ ಬಸ್ಸಿಗೆ ಅಲ್ಲ. ಸ್ಕೂಟರ್, ಬಸ್ಸಿನಲ್ಲಿ ಓಡಾಡುವವರು ಎರಡು ತುಂಡಿನದ್ದು ತಗೊಳ್ಳಿ. ಜೋಡಣೆಗೆ ಮೇಣದಬತ್ತಿ ಸ್ವಲ್ಪ ಉಜ್ಜಿದರೆ ಎಸೆಯುವಾಗ ಸಡಿಲವಾಗದು. ಅರ್ಧ ತಾಸಿಗೊಮ್ಮೆ ತಿರುಚಿ ನೋಡಿ, ಸಡಿಲ ಜೋಡಣೆಯೇ ಸೀಳುವುದು. ಐಎಂ6, ಐಎಂ7 ಎಂಬ ಬರಹ ಕಂಡು ಮರುಳಾಗಬೇಡಿ. ಅವು ಹೆಕ್ಸೆಲ್ ಕಂಪನಿಯ ನಾರಿನ ಹೆಸರುಗಳು, ರಾಡಿನ ದರ್ಜೆ ಅಲ್ಲ. ಹೆಚ್ಚು ಟನ್ನಿನ (ಟನ್ ಎಂದರೆ ಇಲ್ಲಿ ನಾರಿನ ಬಿಗುವಿನ ಅಳತೆ) ಕಾರ್ಬನ್ ಹಗುರ, ಚುರುಕು, ಆದರೆ ಕಲ್ಲಿಗೆ ಬಡಿದ ಒಂದು ಸಣ್ಣ ಗಾಯ ಸಾಕು, ಮುಂದಿನ ಮೀನಿಗೆ ಅಲ್ಲೇ ಮುರಿಯುತ್ತದೆ. 30 ಟನ್ ಆಸುಪಾಸಿನದ್ದು ಕಲ್ಲಿನ ಮೇಲೆ ಓಡಾಡುವವರಿಗೆ ಹೆಚ್ಚು ಬಾಳುತ್ತದೆ.

ತಂದ ಮೇಲೆ

ಮೊದಲ ದಿನ ಹೊಳೆಗೆ ಹೋಗಬೇಡಿ. ಶಾಲೆಯ ಮೈದಾನವೋ ಗದ್ದೆಯೋ ಸಾಕು. ಕೊಕ್ಕೆ ತೆಗೆದ 4, 6, 8, 10 ಗ್ರಾಂ ತೂಕಗಳು ಇರಲಿ. ಸ್ಪೂಲ್ ಪಕ್ಕದ ಗುಂಡಿಯನ್ನು ಸ್ಪೂಲ್ ಅತ್ತಿತ್ತ ಅಲುಗದಷ್ಟೇ ತಿರುಗಿಸಿ, ಅದಕ್ಕಿಂತ ಬಿಗಿಯಬೇಡಿ. ಬ್ರೇಕ್ ಹೆಚ್ಚಿನ ಅಂಕಿಯಿಂದ ಶುರು ಮಾಡಿ ಒಂದೊಂದೇ ಇಳಿಸಿ. ಪ್ರತಿ ತೂಕಕ್ಕೆ ಐದು ಎಸೆತ, ಹೆಜ್ಜೆಯಲ್ಲಿ ದೂರ ಅಳೆದು ಬರೆದುಕೊಳ್ಳಿ. ನಾಲ್ಕರಿಂದ ಆರಕ್ಕೆ ದೂರ ಜಿಗಿದು, ಎಂಟರಿಂದ ಹತ್ತಕ್ಕೆ ಹೆಚ್ಚು ಬದಲಾಗದಿದ್ದರೆ ನಿಮ್ಮ ರಾಡಿನ ನಿಜವಾದ ಲೆಕ್ಕ ಆರರಿಂದ ಎಂಟು. ಮೇಲೆ ಏನೇ ಅಚ್ಚಾಗಿರಲಿ.

ರಾಡ್ ಮುರಿಯುವುದು ಮೀನಿನಿಂದ ಕಡಿಮೆ. ಮನೆಯ ಸೀಲಿಂಗ್ ಫ್ಯಾನ್, ಕಾರಿನ ಬಾಗಿಲು, ಮೀನನ್ನು ದಡಕ್ಕೆ ತರುವಾಗ ರಾಡನ್ನು ನೆಟ್ಟಗೆ ಮೇಲೆತ್ತುವುದು, ಈ ಮೂರೇ ಹೆಚ್ಚು. ನೆಟ್ಟಗೆ ಎತ್ತಿದಾಗ ಭಾರವೆಲ್ಲ ತೆಳು ತುದಿಯ ಮೇಲೆ ಬೀಳುತ್ತದೆ. ರಾಡ್ ತಗ್ಗಿಸಿ, ಮೀನಿಗೆ ಬಲೆಯ ಬುಟ್ಟಿ ಹಿಡಿಯಿರಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹೊಳೆ ಬದಿಯ ತಂತಿಗಳ ಕೆಳಗೆ ರಾಡ್ ಎತ್ತಿ ನಡೆಯಬೇಡಿ, ಗುಡುಗು ಕೇಳಿದರೆ ಮಡಚಿ ಹೊರಡಿ.

ಮನೆಗೆ ಬಂದ ಮೇಲೆ ಬಾವಿ ನೀರು ಚೆಂಬಿನಲ್ಲಿ ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನ ಜೋರಿಗೆ ಉಪ್ಪು ರೀಲಿನ ಒಳಗೆ ಹೋಗುತ್ತದೆ. ಗೈಡಿನ ಕಾಲುಗಳನ್ನು ಹಳೆ ಬೈರಾಸಿನಿಂದ ಒಂದೊಂದಾಗಿ ಒರೆಸಿ, ಜೋಡಣೆ ಬಿಚ್ಚಿ ನೆರಳಿನಲ್ಲಿ ಒಣಗಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ಒದ್ದೆ ರಾಡನ್ನು ಚೀಲದಲ್ಲಿಟ್ಟರೆ ವಾರದೊಳಗೆ ಕಾರ್ಕಿನ ಹಿಡಿಗೆ ಬೂಷ್ಟು ಬರುತ್ತದೆ. ಚೀಲವಿಲ್ಲದೆ ಒಳಗಿನ ಗೋಡೆಗೆ ಎರಡು ಮೊಳೆ ಹೊಡೆದು ಅಡ್ಡಲಾಗಿ ಇಡಿ.