ಆಟೋಗೈಡಿಂಗ್: ಗ್ರಾಫ್‌ಗಿಂತ ಮೊದಲು ಸ್ಕ್ರೂ

ಆಕಾಶದ ಫೋಟೋ ತೆಗೆಯುವಾಗ ಇನ್ನೊಂದು ಪುಟ್ಟ ಕ್ಯಾಮೆರಾ ಒಂದು ನಕ್ಷತ್ರವನ್ನು ಗಮನಿಸುತ್ತಾ, ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ನ ತಪ್ಪನ್ನು ತಿದ್ದಿಸುವುದೇ ಆಟೋಗೈಡಿಂಗ್. ನನ್ನದು 480 ಮಿ.ಮೀ. ನಾಭಿದೂರದ 80 ಮಿ.ಮೀ. ದೂರದರ್ಶಕ, ಎಚ್‌ಇಕ್ಯೂ5 ಮೌಂಟ್. ಗೈಡಿಂಗ್‌ಗೆ 120 ಮಿ.ಮೀ. ನಾಭಿದೂರದ ಪುಟ್ಟ ಗೈಡ್ ಸ್ಕೋಪ್, ಅದರ ಹಿಂದೆ 3.75 ಮೈಕ್ರಾನ್ ಪಿಕ್ಸೆಲ್‌ನ ಕಪ್ಪು-ಬಿಳುಪು ಕ್ಯಾಮೆರಾ. ಲೆಕ್ಕ ಹಾಕಿದರೆ ಪಿಕ್ಸೆಲ್‌ಗೆ ಸುಮಾರು 6.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲೇ ಆರ್ಕ್‌ಸೆಕೆಂಡ್). ಒರಟು ಅನ್ನಿಸುತ್ತದೆ, ಆದರೆ ಗೈಡಿಂಗ್ ಮಾಡುವ ಪಿಎಚ್‌ಡಿ2 ತಂತ್ರಾಂಶ ನಕ್ಷತ್ರದ ಕೇಂದ್ರವನ್ನು ಪಿಕ್ಸೆಲ್‌ನ ಸಣ್ಣ ಪಾಲಿನವರೆಗೂ ಗುರುತಿಸುವುದರಿಂದ ಈ ನಾಭಿದೂರಕ್ಕೆ ಸಾಕು.

ಸ್ಪ್ರಿಂಗ್ ಇರುವ ಫೈಂಡರ್ ಬ್ರಾಕೆಟ್ ಮೇಲೆ ಗೈಡ್ ಸ್ಕೋಪ್ ಕೂರಿಸಬೇಡಿ. ನಕ್ಷತ್ರ ಎಷ್ಟು ಜಾರಿತೆಂದು ತೋರಿಸುವ ತಂತ್ರಾಂಶದ ಗ್ರಾಫ್ ಚೆನ್ನಾಗಿಯೇ ಇರುತ್ತದೆ, ಫೋಟೋದಲ್ಲಿ ಮಾತ್ರ ನಕ್ಷತ್ರಗಳು ಉದ್ದವಾಗಿರುತ್ತವೆ. ದೂರದರ್ಶಕ ತಿರುಗಿದಂತೆ ಗೈಡ್ ಸ್ಕೋಪ್ ಮಾತ್ರ ಕೂದಲೆಳೆಯಷ್ಟು ಬಾಗುತ್ತದೆ. ಗೈಡ್ ಕ್ಯಾಮೆರಾ ಆ ಬಾಗುವಿಕೆಯನ್ನೇ ಮೌಂಟ್‌ನ ತಪ್ಪೆಂದು ತಿಳಿದು ತಿದ್ದುತ್ತದೆ. ನಾನು ಎರಡು ಲೋಹದ ರಿಂಗ್‌ಗಳಲ್ಲಿ ಬಿಗಿದು, ಫೋಕಸ್ ಆದ ಮೇಲೆ ಲಾಕ್ ರಿಂಗ್ ತಿರುಗಿಸಿ, ಯುಎಸ್‌ಬಿ ಕೇಬಲ್ಲನ್ನು ಎಳೆತ ಬೀಳದಂತೆ ಸ್ಕೋಪ್‌ಗೇ ಕಟ್ಟುತ್ತೇನೆ.

ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲಷ್ಟೇ. ಕಟ್ಟಡವೋ ಮಬ್ಬೋ ಅಡ್ಡ ಬಂದರೆ ಮೌಂಟ್‌ನ ಅಕ್ಷವನ್ನು ಧ್ರುವದತ್ತ ನೇರಗೊಳಿಸಲು ಬಳಸುವ ಪೋಲಾರ್ ಸ್ಕೋಪ್ ಕೈಕೊಡುತ್ತದೆ. ಆಗ ಪಿಎಚ್‌ಡಿ2ರ ಡ್ರಿಫ್ಟ್ ಅಲೈನ್‌ಮೆಂಟ್ (ನಕ್ಷತ್ರ ಜಾರುವುದನ್ನು ನೋಡಿ ಅಕ್ಷ ಸರಿಪಡಿಸುವುದು) ಉಪಾಯ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಕೌಂಟರ್‌ವೇಟ್ (ಸಮತೋಲನದ ತೂಕ) ಟ್ರೈಪಾಡ್ ಕಾಲಿಗೆ ತಾಗುವ ಅಪಾಯವಿದೆ, ಕತ್ತಲಾಗುವ ಮುಂಚೆಯೇ ಒಂದು ಸುತ್ತು ತಿರುಗಿಸಿ ನೋಡಿ.

ಲೆನ್ಸ್ ಮುಚ್ಚಿ ಡಾರ್ಕ್ ಲೈಬ್ರರಿ (ಕತ್ತಲೆಯ ಚಿತ್ರಗಳ ಸಂಗ್ರಹ) ಮಾಡಿಕೊಳ್ಳಿ, ಇಲ್ಲದಿದ್ದರೆ ತಂತ್ರಾಂಶ ಬೆಳಕಿಲ್ಲದಿದ್ದರೂ ಹೊಳೆಯುವ ಹಾಟ್ ಪಿಕ್ಸೆಲ್ಲನ್ನೇ ನಕ್ಷತ್ರ ಎಂದು ಹಿಡಿದು ಕೂರುತ್ತದೆ: ಗ್ರಾಫ್ ಅಲುಗುವುದೇ ಇಲ್ಲ! ಮೌಂಟ್ ಅನ್ನು ತುಸು ಸರಿಸಿದರೆ ನಕ್ಷತ್ರ ಎಷ್ಟು, ಯಾವ ಕಡೆ ಸರಿಯುತ್ತದೆಂದು ತಂತ್ರಾಂಶ ಅಳೆಯುವ ಕ್ಯಾಲಿಬ್ರೇಷನ್ಅನ್ನು ಖಗೋಳ ವಿಷುವದ್ವೃತ್ತದ ಬಳಿ, ಮೆರಿಡಿಯನ್ (ನೆತ್ತಿಯ ಮೂಲಕ ಹಾಯುವ ಉತ್ತರ-ದಕ್ಷಿಣ ರೇಖೆ) ಪಕ್ಕ ಮಾಡುವುದು. ನಮ್ಮಲ್ಲಿ ಅದು ದಕ್ಷಿಣಕ್ಕೆ, ಬಹುತೇಕ ನೆತ್ತಿಯ ಮೇಲೆ. ಗೈಡ್ ವೇಗ 0.5x (ನಕ್ಷತ್ರಗಳ ಚಲನೆಯ ಅರ್ಧ ವೇಗ) ಇಟ್ಟರೆ ನನ್ನ ಜೋಡಣೆಗೆ ಕ್ಯಾಲಿಬ್ರೇಷನ್‌ನ ಒಂದೊಂದು ಹೆಜ್ಜೆ ಸುಮಾರು 1800 ಮಿಲಿಸೆಕೆಂಡ್ ಬರುತ್ತದೆ. ಕ್ಯಾಮೆರಾದಿಂದ ನೇರ ಮೌಂಟ್‌ಗೆ ಹೋಗುವ ಎಸ್‌ಟಿ4 ಕೇಬಲ್‌ಗಿಂತ, ಕಂಪ್ಯೂಟರ್‌ನ ಆಸ್ಕಾಂ ಚಾಲಕ ತಂತ್ರಾಂಶದ ಮೂಲಕ ಪಲ್ಸ್ ಗೈಡಿಂಗ್ ಒಳ್ಳೆಯದು. ಸ್ಕೋಪ್ ಎತ್ತ ಮುಖ ಮಾಡಿದೆ ಎಂದು ತಂತ್ರಾಂಶಕ್ಕೆ ತಿಳಿದಿರುವುದರಿಂದ ಬೇರೆ ಕಡೆ ತಿರುಗಿಸಿದರೂ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಿಲ್ಲ.

ಗೈಡ್ ಕ್ಯಾಮೆರಾದ ಎಕ್ಸ್‌ಪೋಷರ್ 2ರಿಂದ 3 ಸೆಕೆಂಡ್. ಅರ್ಧ ಸೆಕೆಂಡಿಗೆ ಇಳಿಸಿದರೆ ಮೌಂಟ್ ಗಾಳಿಯ ನಡುಕದ ಹಿಂದೆಯೇ ಓಡುತ್ತದೆ. ಗ್ರಾಫ್‌ನಲ್ಲಿ ಆರ್‌ಎ (ಪೂರ್ವ-ಪಶ್ಚಿಮ) ಗೆರೆ ಗರಗಸದ ಹಲ್ಲಿನಂತೆ ಕಂಡರೆ ಅಗ್ರೆಸಿವ್‌ನೆಸ್ (ತಿದ್ದುಪಡಿಯ ಬಿರುಸು) ಇಳಿಸಿ. ಡೆಕ್ (ಉತ್ತರ-ದಕ್ಷಿಣ) ಗೆರೆ ಬಹಳ ಹೊತ್ತು ಒಂದೇ ಬದಿಯಲ್ಲಿ ನಿಂತು ಆಮೇಲೆ ಥಟ್ಟನೆ ಹಾರಿದರೆ ಅದು ಗೇರ್‌ನ ಸಡಿಲ. ಆಗ ಡೆಕ್ ತಿದ್ದುಪಡಿಯನ್ನು ಡ್ರಿಫ್ಟ್‌ಗೆ ವಿರುದ್ಧವಾದ ಒಂದೇ ದಿಕ್ಕಿಗೆ ಸೀಮಿತಗೊಳಿಸಿ. ಆರ್‌ಎ ತೂಕ ಪೂರ್ವದ ಕಡೆ ತುಸು ಭಾರವಿದ್ದರೆ ಗೇರ್ ಹಲ್ಲು ಅಂಟಿಕೊಂಡೇ ಇರುತ್ತದೆ. ಒಟ್ಟು ಆರ್‌ಎಂಎಸ್ (ಗೈಡಿಂಗ್‌ನ ಸರಾಸರಿ ತಪ್ಪು) 1 ಆರ್ಕ್‌ಸೆಕೆಂಡ್ ಆಸುಪಾಸು ಬಂದರೆ ಗ್ರಾಫ್ ಬಿಟ್ಟು ಫೋಟೋ ತೆಗೆಯಲು ಶುರು ಮಾಡಿ.