ಎರಡನೇ ಸ್ಕೀ ಪ್ರವಾಸಕ್ಕೆ ಊರು ಆರಿಸುವುದು ಹೇಗೆ?

ಮನಾಲಿಗೆ ಹೋದಾಗ ಸೋಲಾಂಗ್ ಕಣಿವೆಯಲ್ಲಿ ಎರಡು ಮೂರು ದಿನ ಸ್ಕೀ ಕಲಿತು, ಮರಳಿ ಬಂದ ಮೇಲೂ ಅದೇ ಗುಂಗಿನಲ್ಲಿರುವ ಕುಟುಂಬಗಳು ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯೂ ಸಿಗುತ್ತವೆ. ಮೊದಲ ಸಲಕ್ಕೆ ಊರು ಯಾವುದಾದರೂ ನಡೆಯುತ್ತದೆ, ಬಿದ್ದು ಏಳುವುದಕ್ಕೆ ನೂರು ಮೀಟರ್ ಹಿಮ ಸಾಕು. ಎರಡನೇ ಸಲಕ್ಕೆ ಹಾಗಾಗದು. ಕಲಿತದ್ದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರುವ ಇಳಿಜಾರು ಧಾರಾಳವಾಗಿ ಸಿಗುವ ಊರು ಬೇಕು. ಹೆಸರುವಾಸಿಯಾದ ಊರೆಲ್ಲ ಅಂಥದ್ದೇ ಆಗಿರಬೇಕೆಂದಿಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ, ಕಳೆದ ಪ್ರವಾಸದ ಕೊನೆಯ ದಿನ ಮನೆಯ ಪ್ರತಿಯೊಬ್ಬರಿಗೂ ಏನು ಬರುತ್ತಿತ್ತು ಎಂಬುದನ್ನು ಬೇರೆ ಬೇರೆಯಾಗಿ ಬರೆದಿಡುವುದು. ಸ್ಕೀಗಳ ಮುಂತುದಿ ಕೂಡಿಸಿ ಹಿಂಬದಿ ಅಗಲಿಸಿ ಬೇಕಾದಲ್ಲಿ ನಿಲ್ಲಲು ಬರುತ್ತಿತ್ತೇ? ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಲು ಬರುತ್ತಿತ್ತೇ, ಅಥವಾ ಒಂದು ಬದಿಗೆ ಮಾತ್ರವೇ? ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟನ್ನು ಯಾರ ನೆರವೂ ಇಲ್ಲದೆ ಹತ್ತಿ ಇಳಿದದ್ದುಂಟೇ? ನಮ್ಮ ಮನೆಯಲ್ಲಿ ಹೀಗೆ ಬರೆದಾಗ, ಹನ್ನೆರಡರ ಮಗಳು ಎರಡೂ ಕಡೆ ಸರಾಗವಾಗಿ ತಿರುಗುತ್ತಿದ್ದಳು, ನನಗೆ ಬಲಕ್ಕೆ ತಿರುಗುವುದು ಬರುತ್ತಲೇ ಇರಲಿಲ್ಲ ಎಂಬುದು ತಿಳಿಯಿತು. ಊರನ್ನು ಆರಿಸುವಾಗ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಬರುವವರನ್ನು ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ಇಳಿಜಾರುಗಳ ನಕ್ಷೆಯನ್ನು ನೋಡಬೇಕು. ಯುರೋಪಿನ ಪದ್ಧತಿಯಲ್ಲಿ ಹಸಿರು ಎಂದರೆ ಅತಿ ಸುಲಭ, ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಅಮೆರಿಕದ ನಕ್ಷೆಗಳಲ್ಲಿ ಕೆಂಪು ಇರುವುದಿಲ್ಲ. ನೀಲಿ ಚೌಕದ ನಂತರ ನೇರವಾಗಿ ಕಪ್ಪು ವಜ್ರದ ಗುರುತು ಬರುತ್ತದೆ. ಬಣ್ಣವನ್ನು ಆಯಾ ಊರಿನವರೇ ತಮ್ಮ ಇಳಿಜಾರುಗಳನ್ನು ಒಂದಕ್ಕೊಂದು ಹೋಲಿಸಿ ಕೊಡುವುದರಿಂದ, ಒಂದು ಊರಿನ ನೀಲಿ ಇನ್ನೊಂದು ಊರಿನ ಕೆಂಪಿನಷ್ಟು ಕಡಿದಾಗಿರುವುದೂ ಉಂಟು. ಎರಡನೇ ಸಲ ಹೋಗುವವರು ನೀಲಿ ದಾರಿಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಬೆಟ್ಟದ ಮೇಲಿನಿಂದ ಬುಡದವರೆಗೆ ಎಲ್ಲಿಯೂ ಕಪ್ಪಿಗೆ ಸೇರದೆ ಇಳಿಯುತ್ತವೆ ಎಂಬುದನ್ನು ಬೆರಳಿಟ್ಟು ಎಣಿಸಬೇಕು.

ಬಣ್ಣದಷ್ಟೇ ಮುಖ್ಯವಾದದ್ದು, ಹಿಮವನ್ನು ರಾತ್ರಿ ಯಂತ್ರದಿಂದ ಸಮ ಮಾಡುತ್ತಾರೆಯೇ ಎಂಬುದು. ಹಾಗೆ ಸಮ ಮಾಡಿದ ಇಳಿಜಾರನ್ನು ಬೆಳಿಗ್ಗೆ ಹತ್ತಿರದಿಂದ ನೋಡಿದರೆ, ಕಣದಲ್ಲಿ ಹರವಿದ ಕಾಫಿಯ ಮೇಲೆ ಹಲುಬೆ ಎಳೆದಾಗ ಮೂಡುವ ಸಾಲುಗಳಂತೆಯೇ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಆ ಗೀರುಗಳ ಮೇಲೆ ಸ್ಕೀ ಹೇಳಿದ ಮಾತು ಕೇಳುತ್ತದೆ. ಮೊಣಕಾಲುದ್ದದ ಹೊಸ ಹಿಮದಲ್ಲಿ ಅದೇ ಸ್ಕೀ ಹೂತುಹೋಗುತ್ತದೆ, ತಿರುಗುವ ಉಪಾಯವೇ ಬೇರೆಯಾಗುತ್ತದೆ.

ಇನ್ನು ಲಿಫ್ಟ್. ಮೇಲೇರಲು ಕಾಯುವ ಹೊತ್ತು ಹೆಚ್ಚಾದಷ್ಟೂ ದಿನಕ್ಕೆ ಇಳಿಯುವ ಸಲ ಕಡಿಮೆಯಾಗುತ್ತದೆ, ಕಲಿಕೆಯೂ ಅಷ್ಟೇ ನಿಧಾನವಾಗುತ್ತದೆ. ನೋಡಲೆಂದೇ ಬರುವ ಪ್ರವಾಸಿಗರೂ ಸ್ಕೀ ಮಾಡುವವರೂ ಒಂದೇ ಸಾಲಿನಲ್ಲಿ ನಿಲ್ಲುವ ಕಡೆ ವಾರಾಂತ್ಯವನ್ನು ತಪ್ಪಿಸುವುದು ಒಳ್ಳೆಯದು.

ಈ ಅಳತೆಗಳನ್ನು ಹಿಡಿದು ಕಾಶ್ಮೀರದ ಗುಲ್ಮಾರ್ಗ್ ನೋಡೋಣ. ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾದ, ಎಂದರೆ ತಂತಿಹಗ್ಗದ ಮೇಲೆ ಸಾಗುವ ಕೇಬಲ್ ಕಾರಿನ, ಮೊದಲ ಹಂತ ಕೊಂಗಡೂರಿಯವರೆಗೆ, ಎಂದರೆ 3,000 ಮೀಟರ್ ದಾಟಿಸಿ ಒಯ್ಯುತ್ತದೆ. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್ ಮೀರಿದ ಜಾಗಕ್ಕೆ, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರಕ್ಕೆ, ಏರಿಸುತ್ತದೆ. ಜಗತ್ತಿನ ಸ್ಕೀಪಟುಗಳು ಗುಲ್ಮಾರ್ಗ್‌ಗೆ ಬರುವುದು ಈ ಎರಡನೇ ಹಂತಕ್ಕಾಗಿ. ಅಲ್ಲಿ ಹಿಮವನ್ನು ಸಮ ಮಾಡಿರುವುದಿಲ್ಲ, ಹಿಮಕುಸಿತದ ಅಪಾಯವೂ ಇದೆ; 2023 ಮತ್ತು 2024ರ ಫೆಬ್ರುವರಿ ತಿಂಗಳುಗಳಲ್ಲಿ ಗೊತ್ತುಪಡಿಸಿದ ಎಲ್ಲೆಯಾಚೆ ವಿದೇಶಿ ಸ್ಕೀಪಟುಗಳು ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಎರಡನೇ ಸಲದವರು ಬುಡದ ಮೈದಾನದಲ್ಲಿ ಒಂದು ದಿನ ಕೈಕಾಲು ಪಳಗಿಸಿಕೊಂಡು, ಮೊದಲ ಹಂತದವರೆಗೆ ಮಾತ್ರ, ಅದೂ ತರಬೇತುದಾರರ ಜೊತೆಯಲ್ಲಿ ಹೋಗಲಿ. ಅಷ್ಟಕ್ಕೆ ಗುಲ್ಮಾರ್ಗ್ ಚೆನ್ನಾಗಿಯೇ ಒದಗುತ್ತದೆ.

ಉತ್ತರಾಖಂಡದ ಔಲಿಯಲ್ಲಿ ಆಯ್ಕೆ ಕಡಿಮೆ, ಆದರೆ ಸುಮಾರು ಮೂರು ಕಿಲೋಮೀಟರ್ ಉದ್ದದ ಒಂದೇ ಇಳಿಜಾರು, ಎದುರಿಗೆ ನಂದಾದೇವಿ. ತಿರುವುಗಳನ್ನು ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿ ನನಗೆ ಕಂಡಿಲ್ಲ. ತೊಡಕಿರುವುದು ದಾರಿಯಲ್ಲಿ. ಜೋಶಿಮಠದ ನೆಲಕುಸಿತದ ನಂತರ 2023ರ ಜನವರಿಯಲ್ಲಿ ಅಲ್ಲಿಂದ ಮೇಲೇರುವ ರೋಪ್‌ವೇ ನಿಲ್ಲಿಸಿದ್ದರಿಂದ ರಸ್ತೆಯನ್ನೇ ನೆಚ್ಚಿಕೊಂಡು ಲೆಕ್ಕ ಹಾಕಬೇಕು. ಡೆಹ್ರಾಡೂನಿನಿಂದ ಜೋಶಿಮಠಕ್ಕೇ ಒಂದು ಇಡೀ ದಿನ ಹಿಡಿಯುತ್ತದೆ.

ದೇಶದ ಹೊರಗೆ ಹೋಗುವ ಮನಸ್ಸಿದ್ದರೆ ಜಾರ್ಜಿಯಾದ ಗುಡೌರಿಯನ್ನು ಮೊದಲು ನೋಡಿ. ಟಿಬಿಲಿಸಿಯಿಂದ ಸುಮಾರು 120 ಕಿಲೋಮೀಟರ್ ದೂರ. ಸುಮಾರು 2,200ರಿಂದ 3,270 ಮೀಟರ್‌ವರೆಗೆ ಹರಡಿದ ಅಗಲವಾದ, ಸಮ ಮಾಡಿದ ಇಳಿಜಾರುಗಳು. ಮರಗಳೇ ಇಲ್ಲದ ಬಯಲಾದ್ದರಿಂದ ಅಂಜುವವರಿಗೆ ಡಿಕ್ಕಿಯ ಭಯ ಕಡಿಮೆ. ಅದೇ ಕಾರಣಕ್ಕೆ ಮಂಜು ಕವಿದ ದಿನ ನೆಲ ಯಾವುದು, ಆಕಾಶ ಯಾವುದು ಎಂಬುದೇ ತಿಳಿಯದು. ಅಂಥ ದಿನಕ್ಕೆಂದು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕಜಾಕಿಸ್ತಾನದ ಶಿಂಬುಲಾಕ್ ಇನ್ನೊಂದು. ಅಲ್ಮಾಟಿ ನಗರದಲ್ಲೇ ಉಳಿದು ದಿನವೂ ಹೋಗಿಬರಬಹುದಾದ್ದರಿಂದ, ಸ್ಕೀ ಮಾಡದ ಹಿರಿಯರು ಜೊತೆಗಿದ್ದರೆ ಅನುಕೂಲ.

ಊರು ಹೀಗೆ ಎರಡು ಮೂರಕ್ಕೆ ಇಳಿದ ಮೇಲೆ ರಜೆಯ ದಿನಗಳನ್ನಲ್ಲ, ಹಿಮದ ಮೇಲೆ ನಿಜವಾಗಿ ಸಿಗುವ ದಿನಗಳನ್ನು ಎಣಿಸಿ. ನಮ್ಮಲ್ಲಿಂದ ಹಾಸನದ ಮೇಲೆ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅರ್ಧ ದಿನ ಹೋಗುತ್ತದೆ. ಎಂಟು ದಿನದ ರಜೆಯಲ್ಲಿ ಗುಲ್ಮಾರ್ಗ್‌ಗೆ ಹೋದರೆ ಐದು ದಿನ ಹಿಮದ ಮೇಲಿರಬಹುದು, ಔಲಿಗೆ ಹೋದರೆ ನಾಲ್ಕು ಸಿಕ್ಕರೆ ಹೆಚ್ಚು. ನಾಲ್ಕಕ್ಕಿಂತ ಕಡಿಮೆಯಾದರೆ ಹಳೆಯದನ್ನು ನೆನಪಿಸಿಕೊಳ್ಳುವುದರಲ್ಲೇ ಪ್ರವಾಸ ಮುಗಿಯುತ್ತದೆ.

ತಿಂಗಳನ್ನು ಆರಿಸುವಾಗ ತೋಟದ ಕೆಲಸವನ್ನೂ ನೋಡಬೇಕಲ್ಲ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ಜನವರಿಯೊಳಗೆ ಮುಗಿಯುವುದರಿಂದ ಆ ತೋಟದವರಿಗೆ ಫೆಬ್ರುವರಿ ಹೊಂದುತ್ತದೆ. ಹಿಮಕ್ಕೂ ಅದೇ ಒಳ್ಳೆಯ ತಿಂಗಳು. ಮೂಡಿಗೆರೆ, ಸಕಲೇಶಪುರದ ರೊಬಸ್ಟಾ ಬೆಳೆಗಾರರಿಗೆ ಕೊಯ್ಲು, ನೀರು ಹೊಡೆಯುವುದು ಎಲ್ಲವೂ ಆಗಲೇ ಬರುತ್ತದೆ. ಅಂಥವರು, ಖರ್ಚು ಹೆಚ್ಚಾದರೂ, ಮಳೆಗಾಲದ ಬಿಡುವಿನಲ್ಲಿ ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಕಡೆ ಯೋಚಿಸಬಹುದು; ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲದ ಹಿಮವಿರುತ್ತದೆ. ಕ್ರಿಸ್‌ಮಸ್ ರಜೆಗೆ ಗುಲ್ಮಾರ್ಗ್ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ, ದರ ಏರಿರುತ್ತದೆ, ಹಿಮದ ಭರವಸೆ ಇರುವುದಿಲ್ಲ. ಫೆಬ್ರುವರಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: 2025ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಆದ್ದರಿಂದ ರದ್ದು ಮಾಡಿದರೆ ಹಣ ಮರಳುವ ಕೋಣೆಯನ್ನೇ ಕಾದಿರಿಸಿ.

ಸಾಮಾನ್ಯ ಪ್ರವಾಸ ವಿಮೆ ಅನೇಕ ಸಲ ಸ್ಕೀಯಿಂಗ್ ಅನ್ನು ಒಳಗೊಂಡಿರುವುದಿಲ್ಲ. ಒಳಗೊಂಡಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹಣ ಕಟ್ಟುವ ಮುನ್ನ ಬಾಡಿಗೆ ಬೂಟುಗಳ ವಿಚಾರವನ್ನೂ ಕೇಳಿಕೊಳ್ಳಿ. ಮೊದಲ ಪ್ರವಾಸದಲ್ಲಿ ಒಂದು ಅಂಗಡಿಯವರು ನನಗೆ ಎರಡು ಅಳತೆ ದೊಡ್ಡ ಬೂಟು ಕೊಟ್ಟು, ಮೂರು ಜೊತೆ ಕಾಲುಚೀಲ ಹಾಕಿಕೊಳ್ಳಲು ಹೇಳಿದ್ದರು. ಬಲಕ್ಕೆ ತಿರುಗಲು ಬಾರದಿದ್ದಕ್ಕೆ ಅರ್ಧ ಕಾರಣ ಅದೇ ಎಂಬುದು ನನಗೆ ತಿಳಿದದ್ದು ಮರುವರ್ಷ, ಸರಿಯಾದ ಬೂಟು ಸಿಕ್ಕ ಮೇಲೆ. ಒಂದೇ ಜೊತೆ ತೆಳುವಾದ ಕಾಲುಚೀಲ ಹಾಕಿ, ನೇರ ನಿಂತಾಗ ಬೆರಳುಗಳು ತುದಿಗೆ ಮೆಲ್ಲಗೆ ತಗುಲಬೇಕು. ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಬೆರಳುಗಳು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಬೂಟು ಹಾಕಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ನಿಲ್ಲಿ, ಎಲ್ಲಾದರೂ ಒತ್ತಿದರೆ ಸಂಕೋಚಪಡದೆ ಬೇರೆ ಜೊತೆ ಕೇಳಿ.